ಬಟ್ಟಿ, ಬೆರಕೆ, ರುಚಿ

ಕೆಲವು ತಿಂಗಳ ಹಿಂದೆ ಪ್ರಯೋಗಶಾಲೆಯಲ್ಲಿ ದ್ರವಮಾಪಕದ ಪಾಠ ನಡೆಯುತ್ತಿತ್ತು. ಉದ್ದ ಕತ್ತಿನ ಗಾಜಿನ ಬುರುಡೆಯನ್ನು ಮೊದಲು ನೀರಿನಲ್ಲಿ, ಆಮೇಲೆ ಉಪ್ಪುನೀರಿನಲ್ಲಿ, ಕೊನೆಗೆ ಮದ್ಯಸಾರದಲ್ಲಿ ತೇಲಿಬಿಟ್ಟು, ಅದು ಎಷ್ಟೆಷ್ಟು ಮುಳುಗುವುದೆಂಬುದನ್ನು ತೋರಿಸುತ್ತಿದ್ದೆವು. ಕೂಡ್ಲಿಗಿಯ ಕಡೆಯ ಹಳ್ಳಿಯಿಂದ ಬರುವ ವಿದ್ಯಾರ್ಥಿಯೊಬ್ಬ ಪಾಠ ಮುಗಿದ ಮೇಲೆ ಹಿಂದೆ ಉಳಿದು ಮೆಲ್ಲಗೆ ಕೇಳಿದ: “ಸರ್, ಇದನ್ನ ಸಾರಾಯಿಯೊಳಗೆ ಬಿಟ್ಟರೆ ಅದರಾಗೆ ವಿಷ ಐತೋ ಇಲ್ಲೋ ಗೊತ್ತಾಗ್ತೈತೇನ್ರೀ? ನಮ್ಮ ಚಿಕ್ಕಪ್ಪ ಕುಡೀತಾರೆ.”

ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಬಹುದಿತ್ತು, ಹೇಳಿದೆವು ಕೂಡ. ಆದರೆ ಉತ್ತರವನ್ನು ಹೇಳುವುದು ಬೇರೆ, ಅದು ಏಕೆ ಹಾಗೆ ಎಂಬುದನ್ನು ಮನಗಾಣಿಸುವುದು ಬೇರೆ. ಇತ್ತ ಹಳ್ಳಿಯಲ್ಲಿ ಇಂಥ ಭಯ. ಅತ್ತ ಬೆಂಗಳೂರು, ಗೋವೆಗಳಲ್ಲಿ ಸಣ್ಣ ಸಣ್ಣ ಬಟ್ಟಿಮನೆಗಳು ತಯಾರಿಸಿದ ಜಿನ್, ವಿಸ್ಕಿ, ರಮ್ಮುಗಳನ್ನು ಮನೆಗೆ ತಂದು, ಮೂಗಿಗೆ ಹಿಡಿದು ಪರೀಕ್ಷಿಸಿ, ಹಣ್ಣಿನ ರಸ ಮಂಜುಗಡ್ಡೆಗಳೊಡನೆ ಕಲಸಿ ‘ಕಾಕ್‌ಟೇಲ್’ ಮಾಡುವ ಹವ್ಯಾಸ. ಎರಡರ ಹಿಂದೆಯೂ ಇರುವುದು ಒಂದೇ ವಿಜ್ಞಾನ. ಯಾರನ್ನೂ ಕುಡಿತಕ್ಕೆ ಪ್ರೇರಿಸುವುದು ಈ ಲೇಖನದ ಉದ್ದೇಶವಲ್ಲ. ಇಲ್ಲಿ ಮಾಡಿ ನೋಡಲು ಹೇಳಿರುವ ಪ್ರಯೋಗಗಳಿಗೆಲ್ಲ ಬೆಲ್ಲದ ಪಾನಕವೇ ಸಾಕು. ಆದರೆ ಮದ್ಯಸಾರವೆಂಬ ಈ ದ್ರವವು ನೀರಿನೊಡನೆ ನಡೆದುಕೊಳ್ಳುವ ರೀತಿ ಭೌತಶಾಸ್ತ್ರದ ವಿದ್ಯಾರ್ಥಿ ತಿಳಿದಿರಬೇಕಾದ ಸಂಗತಿ. ಅದನ್ನು ತಿಳಿಯದುದರಿಂದ ಜೀವಗಳು ಹೋಗಿವೆ.

ಈಚಲ ರಸದಿಂದ ಹೆಂಡ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳ ಕಡೆ ಪ್ರಯಾಣ ಮಾಡಿದವರು ಜೋಳ, ಶೇಂಗಾ ಹೊಲಗಳ ನಡುವೆ ಹಳ್ಳದ ಅಂಚಿನಲ್ಲಿ ಈಚಲ ಮರಗಳನ್ನು ನೋಡಿರಬಹುದು. ಈ ಮರದ ನೆತ್ತಿಯ ಬಳಿ ಕೆತ್ತಿ ಮಡಕೆ ಕಟ್ಟಿದರೆ ಇರುಳೆಲ್ಲ ಸಿಹಿಯಾದ ರಸ ಒಸರುತ್ತದೆ. ಸೂರ್ಯ ಏಳುವ ಮುನ್ನ ಇಳಿಸಿದರೆ ಅದು ನೀರಾ. ನೂರು ಭಾಗದಲ್ಲಿ ಹತ್ತು ಹನ್ನೆರಡು ಭಾಗ ಸಕ್ಕರೆ ಇರುವ ಪಾನೀಯ. ಬಿಸಿಲೇರಿದಂತೆ ಅದೇ ರಸ ನೊರೆಯೆದ್ದು, ಹುಳಿಯಾಗಿ, ಹೆಂಡವಾಗುತ್ತದೆ. ಮಡಕೆಯ ಒಳಗೆ ಸುಣ್ಣ ಬಳಿದಿದ್ದರೆ ಈ ಬದಲಾವಣೆ ತಡವಾಗುತ್ತದೆ.

ಇಲ್ಲಿ ಕೆಲಸ ಮಾಡುವವು ಗಾಳಿಯಲ್ಲಿಯೂ ಮಡಕೆಯ ಗೋಡೆಯಲ್ಲಿಯೂ ಇರುವ ಸೂಕ್ಷ್ಮಜೀವಿಗಳು, ಮುಖ್ಯವಾಗಿ ಯೀಸ್ಟ್. ಅವು ಸಕ್ಕರೆಯನ್ನು ಒಡೆದು ತಮಗೆ ಬೇಕಾದ ಶಕ್ತಿಯನ್ನು ಪಡೆಯುತ್ತವೆ. ಉಳಿಯುವುದು ಎಥೈಲ್ ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್. ಲೆಕ್ಕದ ಪ್ರಕಾರ ೧೮೦ ಗ್ರಾಂ ಗ್ಲೂಕೋಸಿನಿಂದ ೯೨ ಗ್ರಾಂ ಮದ್ಯಸಾರವೂ ೮೮ ಗ್ರಾಂ ಅನಿಲವೂ ಹುಟ್ಟಬೇಕು. ಸುಣ್ಣವು ರಸವನ್ನು ಕ್ಷಾರವಾಗಿಸಿ ಈ ಜೀವಿಗಳ ಕೈ ಕಟ್ಟಿಹಾಕುತ್ತದೆ.

ಆದರೆ ಯೀಸ್ಟಿಗೆ ತಾನು ತಯಾರಿಸಿದ ವಸ್ತುವೇ ವಿಷ. ಮದ್ಯಸಾರದ ಪ್ರಮಾಣ ನೂರಕ್ಕೆ ಸುಮಾರು ಹದಿನೈದು ಭಾಗಕ್ಕೆ ಏರಿದರೆ ಹೆಚ್ಚಿನ ಯೀಸ್ಟುಗಳು ಸೋಲುತ್ತವೆ. ಆದ್ದರಿಂದ ಹೆಂಡವಾಗಲಿ, ಬಿಯರಾಗಲಿ, ದ್ರಾಕ್ಷಾರಸವಾಗಲಿ ಈ ಮಿತಿಯ ಆಸುಪಾಸಿಗಿಂತ ಹೆಚ್ಚು ಕಟುವಾಗಲಾರದು. ಅದಕ್ಕೂ ಮೇಲೆ ಹೋಗಬೇಕಾದರೆ ಜೀವಶಾಸ್ತ್ರದ ದಾರಿ ಮುಗಿಯಿತು. ಭೌತಶಾಸ್ತ್ರದ ದಾರಿ ಹಿಡಿಯಬೇಕು. ಆ ದಾರಿಯೇ ಬಟ್ಟಿ.

ಬಟ್ಟಿಯ ಪಾತ್ರೆಯೊಳಗೆ

ನೀರು ೧೦೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ. ಎಥೈಲ್ ಮದ್ಯಸಾರ ೭೮.೩ ಡಿಗ್ರಿಯಲ್ಲಿ. ಹೀಗಿರಲು, ಎರಡರ ಮಿಶ್ರಣವನ್ನು ಕಾಯಿಸಿ ೭೮ ಡಿಗ್ರಿಗೆ ತಂದರೆ ಮದ್ಯಸಾರವೆಲ್ಲ ಹಾರಿಹೋಗಿ ನೀರು ಪಾತ್ರೆಯಲ್ಲೇ ಉಳಿಯುವುದೆಂದು ಅನೇಕ ವಿದ್ಯಾರ್ಥಿಗಳು ತಿಳಿಯುತ್ತಾರೆ. ಇದು ತಪ್ಪು. ಮಿಶ್ರಣದಲ್ಲಿ ಎರಡು ಬಗೆಯ ಅಣುಗಳೂ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಕುದಿಯುವಾಗ ಎರಡೂ ಏಳುತ್ತವೆ. ಸುಲಭವಾಗಿ ಏಳುವುದು ಮದ್ಯಸಾರವಾದ್ದರಿಂದ ಆವಿಯಲ್ಲಿ ಅದರ ಪಾಲು ಹೆಚ್ಚಾಗಿರುತ್ತದೆ, ಅಷ್ಟೆ. ತೂಕದಲ್ಲಿ ನೂರಕ್ಕೆ ಹತ್ತು ಭಾಗ ಮದ್ಯಸಾರವಿರುವ ದ್ರವ ಕುದಿಯುವುದು ಸುಮಾರು ೯೨ ಡಿಗ್ರಿಯಲ್ಲಿ. ಅದರಿಂದ ಮೊದಲು ಏಳುವ ಆವಿಯಲ್ಲಿ ಮದ್ಯಸಾರ ಹೆಚ್ಚುಕಡಿಮೆ ಅರ್ಧದಷ್ಟಿರುತ್ತದೆ. ಆ ಆವಿಯನ್ನು ತಣಿಸಿ ದ್ರವ ಮಾಡಿ, ಮತ್ತೆ ಕಾಯಿಸಿದರೆ, ಇನ್ನೂ ಕಟುವಾದ ಆವಿ ಬರುತ್ತದೆ.

ಹೀಗೆ ಮತ್ತೆ ಮತ್ತೆ ಬಟ್ಟಿ ಇಳಿಸುತ್ತ ಹೋದರೆ ಶುದ್ಧ ಮದ್ಯಸಾರ ಸಿಕ್ಕೀತೆ? ಅದೂ ಇಲ್ಲ. ತೂಕದಲ್ಲಿ ಶೇಕಡಾ ೯೫.೬ ಭಾಗವನ್ನು ತಲುಪಿದಾಗ ದ್ರವದಲ್ಲಿಯೂ ಆವಿಯಲ್ಲಿಯೂ ಎರಡರ ಪ್ರಮಾಣ ಒಂದೇ ಆಗಿಬಿಡುತ್ತದೆ. ಈ ಮಿಶ್ರಣ ಶುದ್ಧ ಮದ್ಯಸಾರಕ್ಕಿಂತಲೂ ತುಸು ಕಡಿಮೆ ಉಷ್ಣತೆಯಲ್ಲಿ ಕುದಿಯುತ್ತದೆ. ಆ ಮೇಲೆ ಎಷ್ಟು ಬಾರಿ ಕಾಯಿಸಿದರೂ ಫಲವಿಲ್ಲ. ಉಳಿದ ನೀರನ್ನು ತೆಗೆಯಲು ಬೇರೆ ಉಪಾಯಗಳನ್ನೇ ಹುಡುಕಬೇಕು.

ಬಟ್ಟಿಯಲ್ಲಿ ಮದ್ಯಸಾರದೊಡನೆ ಪರಿಮಳವೂ ಮೇಲೇರುತ್ತದೆ. ಜಿನ್ನಿನ ಪರಿಮಳಕ್ಕೆ ಕಾರಣ ಜೂನಿಪರ್ ಎಂಬ ಗಿಡದ ಕಾಯಿ, ಕೊತ್ತಂಬರಿ ಬೀಜ, ನಿಂಬೆಯ ಸಿಪ್ಪೆ ಮೊದಲಾದವುಗಳಿಂದ ಹೊರಟ ಸುಗಂಧ ತೈಲಗಳು. ಈ ತೈಲಗಳಲ್ಲಿ ಅನೇಕವು ತಾವಾಗಿಯೇ ಕುದಿಯಬೇಕಾದರೆ ೧೫೦ ಡಿಗ್ರಿಗೂ ಹೆಚ್ಚು ಉಷ್ಣತೆ ಬೇಕು. ಆದರೂ ಹಬೆಯೊಡನೆ ಅವು ೧೦೦ ಡಿಗ್ರಿಗಿಂತ ಕೆಳಗೇ ಹೊರಟು ಬರುತ್ತವೆ. ಏಕೆಂದರೆ ಬೆರೆಯದ ಎರಡು ದ್ರವಗಳ ಆವಿಯ ಒತ್ತಡಗಳು ಕೂಡಿ ವಾಯುಮಂಡಲದ ಒತ್ತಡಕ್ಕೆ ಸಮನಾದರೆ ಸಾಕು, ಕುದಿ ಆರಂಭವಾಗುತ್ತದೆ. ನೀಲಗಿರಿ ತೈಲವನ್ನು ತೆಗೆಯುವುದೂ ಇದೇ ಕ್ರಮದಿಂದ. ಆದರೆ ಭೌಗೋಳಿಕ ಸೂಚಕ ಪಡೆದಿರುವ ನಮ್ಮ ಹೂವಿನಹಡಗಲಿಯ ಮಲ್ಲಿಗೆಗೆ ಈ ಕ್ರಮ ಒಗ್ಗದು. ಮಲ್ಲಿಗೆಯ ಕಂಪು ಬಿಸಿ ಹಬೆಯಲ್ಲಿ ಕೆಡುತ್ತದೆ. ಅದಕ್ಕಾಗಿ ಸುಗಂಧ ತಯಾರಕರು ಮಲ್ಲಿಗೆಯನ್ನು ಕರಗಿಸುವ ದ್ರವವೊಂದರಲ್ಲಿ ನೆನೆಸಿ, ಮೇಣದಂಥ ಸಾರವನ್ನು ಪಡೆದು, ಅದರಿಂದ ಕಂಪನ್ನು ಮದ್ಯಸಾರದಲ್ಲಿ ಕರಗಿಸಿ ಬೇರ್ಪಡಿಸುತ್ತಾರೆ. ನೀರಿಗೆ ಒಲಿಯದ ಕಂಪು ಮದ್ಯಸಾರಕ್ಕೆ ಒಲಿಯುತ್ತದೆ. ಈ ಗುಣವನ್ನು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಐವತ್ತಕ್ಕೆ ಐವತ್ತು ಕೂಡಿದರೆ

ಪ್ರಯೋಗಶಾಲೆಯಲ್ಲಿ ೫೦ ಮಿಲಿಲೀಟರ್ ಶುದ್ಧ ಮದ್ಯಸಾರವನ್ನೂ ೫೦ ಮಿಲಿಲೀಟರ್ ನೀರನ್ನೂ ಅಳೆದು ಬೆರೆಸಿ ನೋಡಿ. ಅಳತೆಯ ಜಾಡಿ ತುಸು ಬೆಚ್ಚಗಾಗುತ್ತದೆ. ಅದು ತಣಿದ ಮೇಲೆ ಅಳೆದರೆ ೧೦೦ ಮಿಲಿಲೀಟರ್ ಇರುವುದಿಲ್ಲ; ಸುಮಾರು ೯೬ರಿಂದ ೯೭ ಮಾತ್ರ! ತೂಕ ಮಾಡಿದರೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರುವುದಿಲ್ಲ. ಹಾಗಾದರೆ ಆ ಮೂರು ನಾಲ್ಕು ಮಿಲಿಲೀಟರ್ ಎಲ್ಲಿ ಹೋಯಿತು?

ಒಂದು ಸೇರು ಶೇಂಗಾ ಬೀಜಕ್ಕೆ ಒಂದು ಸೇರು ನವಣೆಯನ್ನು ಸುರಿದು ಕುಲುಕಿದರೆ ಎರಡು ಸೇರು ಆಗುವುದಿಲ್ಲವೆಂಬುದನ್ನು ನಮ್ಮ ರೈತರು ಬಲ್ಲರು. ಸಣ್ಣ ಕಾಳು ದೊಡ್ಡ ಕಾಳಿನ ಸಂದುಗಳಲ್ಲಿ ಅಡಗುತ್ತದೆ. ಅಣುಗಳ ವಿಷಯದಲ್ಲಿ ಈ ಹೋಲಿಕೆ ಅರ್ಧ ಮಾತ್ರ ಸರಿ. ಕಾಳುಗಳು ಒಂದನ್ನೊಂದು ಎಳೆಯುವುದಿಲ್ಲ, ಅಣುಗಳು ಎಳೆಯುತ್ತವೆ. ನೀರಿನ ಅಣುಗಳು ಜಲಜನಕದ ಬಂಧಗಳಿಂದ ಕೈಕೈ ಹಿಡಿದು, ನಡುವೆ ಜಾಗ ಬಿಟ್ಟುಕೊಂಡು ನಿಂತಿರುತ್ತವೆ. ಮದ್ಯಸಾರದ ಅಣುಗಳು ಒಳಹೊಕ್ಕಾಗ ಈ ಜೋಡಣೆ ಬದಲಾಗಿ, ಹೊಸ ಬಂಧಗಳು ಏರ್ಪಟ್ಟು, ಎಲ್ಲವೂ ಹತ್ತಿರ ಹತ್ತಿರ ಸರಿಯುತ್ತವೆ. ಜಾಡಿ ಬೆಚ್ಚಗಾದದ್ದು ಇದರ ಕುರುಹು.

ರಷ್ಯದ ವಿಜ್ಞಾನಿ ಮೆಂಡೆಲಿಯೆವ್ ೧೮೬೫ರಲ್ಲಿ ಡಾಕ್ಟರ್ ಪದವಿಗಾಗಿ ಬರೆದ ಪ್ರಬಂಧ ಮದ್ಯಸಾರ ಮತ್ತು ನೀರಿನ ಈ ಸಂಯೋಗವನ್ನು ಕುರಿತದ್ದೇ. ಧಾತುಗಳ ಆವರ್ತ ಕೋಷ್ಟಕ ಬಂದದ್ದು ನಾಲ್ಕು ವರ್ಷಗಳ ನಂತರ. ವೋಡ್ಕಾದಲ್ಲಿ ಶೇಕಡಾ ೪೦ ಮದ್ಯಸಾರ ಇರಬೇಕೆಂದು ಗೊತ್ತುಮಾಡಿದವನು ಈತನೇ ಎಂಬ ಕಥೆ ಬಹಳವಾಗಿ ಹರಡಿದೆ. ಅದು ಕಥೆಯೇ ಹೊರತು ನಿಜವಲ್ಲ. ಆ ಪ್ರಮಾಣ ರಷ್ಯದಲ್ಲಿ ಮೆಂಡೆಲಿಯೆವ್ ಬಾಲಕನಾಗಿದ್ದಾಗಲೇ ಗೊತ್ತಾಗಿತ್ತು.

ಪರಿಮಾಣ ಕುಗ್ಗುವುದರಿಂದ ಸುಂಕದ ಅಧಿಕಾರಿಗೆ ತೊಡಕು. ನೀರು ಬೆರೆಸಿದ ಮದ್ಯದಲ್ಲಿ ಮದ್ಯಸಾರವೆಷ್ಟೆಂದು ಬರಿಯ ಕೂಡು-ಕಳೆಯುವ ಲೆಕ್ಕದಿಂದ ಹೇಳಲಾಗದು. ಪ್ರತಿಯೊಂದು ಮಿಶ್ರಣದ ಸಾಂದ್ರತೆಯನ್ನು ಅಳೆದು ಕೋಷ್ಟಕ ಮಾಡಬೇಕು. ೨೦ ಡಿಗ್ರಿ ಉಷ್ಣತೆಯಲ್ಲಿ ಶುದ್ಧ ಮದ್ಯಸಾರದ ಸಾಂದ್ರತೆ ಮಿಲಿಲೀಟರಿಗೆ ೦.೭೮೯ ಗ್ರಾಂ. ಹಗುರವಾದ ದ್ರವದಲ್ಲಿ ದ್ರವಮಾಪಕ ಹೆಚ್ಚು ಮುಳುಗುತ್ತದೆ. ಎಷ್ಟು ಮುಳುಗಿತೆಂಬುದರಿಂದ ಮದ್ಯಸಾರದ ಪಾಲನ್ನು ಓದಬಹುದು. ಬ್ರಿಟಿಷರ ಆಡಳಿತದಲ್ಲಿ ಬಳಕೆಗೆ ಬಂದ ಸೈಕ್ಸ್ ದ್ರವಮಾಪಕ ಇಂಥದು. ಅವರು ಪರಿಮಾಣದಲ್ಲಿ ಶೇಕಡಾ ೫೭.೧೫ ಮದ್ಯಸಾರವಿದ್ದರೆ ಅದನ್ನು ‘ನೂರು ಪ್ರೂಫ್’ ಎಂದು ಕರೆದರು. ನಮ್ಮ ದೇಶದ ಸೀಸೆಗಳ ಮೇಲೆ ಕಾಣುವ ೪೨.೮ ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತೆಂಬುದು ಈಗ ತಿಳಿಯಿತಷ್ಟೆ: ೫೭.೧೫ರ ಮುಕ್ಕಾಲು ಪಾಲು, ಎಂದರೆ ೭೫ ಪ್ರೂಫ್.

ದ್ರವಮಾಪಕಕ್ಕೆ ಒಂದು ದೌರ್ಬಲ್ಯವುಂಟು. ಅದು ಸಾಂದ್ರತೆಯೊಂದನ್ನೇ ಬಲ್ಲದು. ಮದ್ಯಕ್ಕೆ ಸಕ್ಕರೆ ಬೆರೆಸಿದರೆ ದ್ರವ ಭಾರವಾಗುತ್ತದೆ. ಮದ್ಯಸಾರ ಕಡಿಮೆಯಿದೆಯೆಂದು ದ್ರವಮಾಪಕ ತಪ್ಪು ಹೇಳುತ್ತದೆ. ಉಷ್ಣತೆ ಏರಿದರೂ ತಪ್ಪು ಹೇಳುತ್ತದೆ. ಯಾವ ಉಪಕರಣವೇ ಆಗಲಿ, ಅದು ಏನನ್ನು ಅಳೆಯುತ್ತದೆ ಎಂಬುದಕ್ಕಿಂತ ಏನನ್ನು ಅಳೆಯಲಾರದು ಎಂಬುದನ್ನು ಮೊದಲು ತಿಳಿಯಬೇಕು.

ದೇವತೆಗಳ ಪಾಲು

ಬಟ್ಟಿಯಿಂದ ಇಳಿದ ಮದ್ಯಕ್ಕೆ ಬಣ್ಣವಿಲ್ಲ. ವಿಸ್ಕಿಗೆ ಹೊನ್ನಿನ ಬಣ್ಣವೂ ಬಹುಪಾಲು ಪರಿಮಳವೂ ಬರುವುದು ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟಾಗ. ಮರ ಉಸಿರಾಡುತ್ತದೆ, ಒಳಗಿನ ದ್ರವ ಸ್ವಲ್ಪ ಸ್ವಲ್ಪವಾಗಿ ಆವಿಯಾಗಿ ಹೊರಹೋಗುತ್ತದೆ. ಹೀಗೆ ನಷ್ಟವಾದುದಕ್ಕೆ ಸ್ಕಾಟ್ಲೆಂಡಿನವರು ‘ದೇವತೆಗಳ ಪಾಲು’ ಎಂದು ಹೆಸರಿಟ್ಟಿದ್ದಾರೆ. ಅಲ್ಲಿಯ ಚಳಿಯಲ್ಲಿ ಈ ಪಾಲು ವರ್ಷಕ್ಕೆ ಸುಮಾರು ಶೇಕಡಾ ೨.

ಬೆಂಗಳೂರಿನಲ್ಲಿ ೧೯೪೮ರಲ್ಲಿ ಸ್ಥಾಪಿತವಾದ ಅಮೃತ್ ಡಿಸ್ಟಿಲರೀಸ್ ಸಂಸ್ಥೆಯವರು ಬಾರ್ಲಿಯಿಂದ ತಯಾರಿಸಿದ ತಮ್ಮ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ೨೦೦೪ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೇ ಕೊಂಡೊಯ್ದು ಬಿಡುಗಡೆ ಮಾಡಿದರು. ಸಮುದ್ರಮಟ್ಟದಿಂದ ೯೦೦ ಮೀಟರಿಗೂ ಎತ್ತರದಲ್ಲಿರುವ, ಒಣಹವೆಯ ಬೆಂಗಳೂರಿನಲ್ಲಿ ದೇವತೆಗಳಿಗೆ ಬಾಯಾರಿಕೆ ಹೆಚ್ಚು: ವರ್ಷಕ್ಕೆ ಶೇಕಡಾ ೧೦ಕ್ಕೂ ಮಿಗಿಲು. ವಿದ್ಯಾರ್ಥಿಗಳು ಇದನ್ನು ಚಕ್ರಬಡ್ಡಿಯ ಲೆಕ್ಕದಂತೆ ಮಾಡಿ ನೋಡಬಹುದು. ವರ್ಷಕ್ಕೆ ಶೇಕಡಾ ೨ ಹೋದರೆ ನೂರು ಲೀಟರು ಹನ್ನೆರಡು ವರ್ಷಗಳ ಮೇಲೆ ಸುಮಾರು ೭೮ ಲೀಟರಾಗಿ ಉಳಿಯುತ್ತದೆ. ವರ್ಷಕ್ಕೆ ಶೇಕಡಾ ೧೦ ಹೋದರೆ ಉಳಿಯುವುದು ಕೇವಲ ೨೮ ಲೀಟರು. ಆದ್ದರಿಂದ ನಮ್ಮಲ್ಲಿ ಹನ್ನೆರಡು ವರ್ಷ ಕಾಯುವುದು ದುಬಾರಿಯ ಮಾತು. ಕಾಯಬೇಕಾದ ಅಗತ್ಯವೂ ಕಡಿಮೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಅನೇಕ ರಾಸಾಯನಿಕ ಕ್ರಿಯೆಗಳ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮರದ ಸಾರ ಮದ್ಯಕ್ಕೆ ಬೇಗ ಇಳಿಯುತ್ತದೆ. ಸೀಸೆಯ ಮೇಲಿನ ವಯಸ್ಸನ್ನು ನೋಡಿ ಗುಣವನ್ನು ಅಳೆಯುವವರು ಹವೆಯನ್ನು ಮರೆತಂತೆ.

ಮಂಜುಗಡ್ಡೆಯ ಲೆಕ್ಕ

‘ಕಾಕ್‌ಟೇಲ್’ ಎಂದರೇನೆಂಬುದಕ್ಕೆ ೧೮೦೬ರಲ್ಲಿ ಅಮೆರಿಕದ ನ್ಯೂಯಾರ್ಕ್ ಪ್ರಾಂತದ ಹಡ್ಸನ್ ಪಟ್ಟಣದ ಪತ್ರಿಕೆಯೊಂದು ಓದುಗರಿಗೆ ಅರ್ಥ ಹೇಳಿತು: ಯಾವುದಾದರೊಂದು ಮದ್ಯ, ಸಕ್ಕರೆ, ನೀರು, ಕಹಿ ಸಾರ ಇವುಗಳ ಬೆರಕೆ. ಇದರಲ್ಲಿ ನೀರೂ ಒಂದು ಅಂಗವೆಂಬುದನ್ನು ಗಮನಿಸಬೇಕು. ಇಂದು ಆ ನೀರು ಬರುವುದು ಬಹುಮಟ್ಟಿಗೆ ಕರಗುವ ಮಂಜುಗಡ್ಡೆಯಿಂದ. ಮಂಜುಗಡ್ಡೆಯೊಡನೆ ಕುಲುಕಿದ ಪಾನೀಯಕ್ಕೆ ಅದರ ಕಾಲು ಭಾಗದಿಂದ ಅರ್ಧದಷ್ಟು ನೀರು ಸೇರುತ್ತದೆ. ತಂಪು ಬೇಕು, ನೀರು ಬೇಡ ಎನ್ನುವುದು ಸಾಧ್ಯವಿಲ್ಲದ ಬಯಕೆ. ಏಕೆಂದರೆ ತಂಪು ಮಾಡುವುದು ಮಂಜುಗಡ್ಡೆಯ ತಣ್ಣಗಿರುವಿಕೆಯಲ್ಲ, ಮುಖ್ಯವಾಗಿ ಅದರ ಕರಗುವಿಕೆ.

ಇದನ್ನು ನಮ್ಮ ನಿಂಬೆಯ ಪಾನಕದಲ್ಲಿಯೇ ಲೆಕ್ಕ ಹಾಕೋಣ. ಬೇಸಗೆಯಲ್ಲಿ ೩೨ ಡಿಗ್ರಿ ಇರುವ ೨೦೦ ಗ್ರಾಂ ಪಾನಕವನ್ನು ೫ ಡಿಗ್ರಿಗೆ ಇಳಿಸಬೇಕು. ತೆಗೆಯಬೇಕಾದ ಶಾಖ ೨೦೦ ಗುಣಿಸು ೨೭, ಎಂದರೆ ೫೪೦೦ ಕ್ಯಾಲೊರಿ. ಒಂದು ಗ್ರಾಂ ಮಂಜುಗಡ್ಡೆ ಕರಗುವಾಗ ೮೦ ಕ್ಯಾಲೊರಿ ಗುಪ್ತೋಷ್ಣವನ್ನು ಹೀರುತ್ತದೆ. ಕರಗಿದ ನೀರು ಸೊನ್ನೆಯಿಂದ ೫ ಡಿಗ್ರಿಗೆ ಏರುವಾಗ ಇನ್ನೂ ೫ ಕ್ಯಾಲೊರಿ. ೫೪೦೦ನ್ನು ೮೫ರಿಂದ ಭಾಗಿಸಿದರೆ ಸುಮಾರು ೬೪ ಗ್ರಾಂ. ಲೋಟದ ಶಾಖವನ್ನೂ ಹೊರಗಿನ ಗಾಳಿಯ ಶಾಖವನ್ನೂ ಇಲ್ಲಿ ಬಿಟ್ಟಿದ್ದೇವೆ. ಸೇರಿಸಿದರೆ ಇನ್ನೂ ಹೆಚ್ಚೇ ಕರಗುತ್ತದೆ. ಪಾನಕದಲ್ಲಿ ೩೦ ಗ್ರಾಂ ಸಕ್ಕರೆ ಇದ್ದಿದ್ದರೆ ಮೊದಲು ಅದು ಶೇಕಡಾ ೧೫; ಈಗ ಸುಮಾರು ೧೧. ಮೇಲಾಗಿ ತಣ್ಣಗಾದಷ್ಟೂ ನಾಲಿಗೆಗೆ ಸಿಹಿ ಮಂಕಾಗಿ ತೋರುತ್ತದೆ. ಜಾತ್ರೆಯಲ್ಲಿ ಶರಬತ್ತು ಮಾರುವವನು ಮಂಜುಗಡ್ಡೆ ಹಾಕುವ ಮುನ್ನ ಸಿಹಿಯನ್ನು ಅತಿಯೆನಿಸುವಷ್ಟು ಬೆರೆಸಿರುತ್ತಾನಷ್ಟೆ. ಈ ಲೆಕ್ಕ ಅವನ ಕೈಗೆ ಗೊತ್ತು.

ಮದ್ಯಸಾರದ ಬೆರಕೆಯಲ್ಲಿ ಇನ್ನೊಂದು ವಿಚಿತ್ರವುಂಟು. ಸೊನ್ನೆ ಡಿಗ್ರಿಯ ಮಂಜುಗಡ್ಡೆಯನ್ನು ಹಾಕಿ ಕುಲುಕಿದರೂ ಪಾನೀಯ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ತಂಪಾದ ವಸ್ತು ತನಗಿಂತಲೂ ತಂಪನ್ನು ಕೊಡುವುದು ಹೇಗೆ? ಕುಲ್ಫಿಯವನ ಗಡಿಗೆಯನ್ನು ನೆನೆಯಿರಿ. ಮಂಜುಗಡ್ಡೆಗೆ ಉಪ್ಪು ಬೆರೆಸಿದಾಗ ನೀರಿನ ಘನೀಭವನ ಬಿಂದು ಕೆಳಗಿಳಿಯುತ್ತದೆ. ಸೊನ್ನೆ ಡಿಗ್ರಿಯಲ್ಲಿ ಮಂಜುಗಡ್ಡೆ ನಿಲ್ಲಲಾರದೆ ಕರಗುತ್ತದೆ. ಕರಗಲು ಬೇಕಾದ ಶಾಖವನ್ನು ಸುತ್ತಲಿನಿಂದಲೂ ತನ್ನಿಂದಲೂ ಕಿತ್ತುಕೊಳ್ಳುತ್ತದೆ. ಉಪ್ಪಿನಿಂದ ಹೀಗೆ ಸೊನ್ನೆಯ ಕೆಳಗೆ ೨೧ ಡಿಗ್ರಿಯವರೆಗೂ ಇಳಿಯಬಹುದು. ಮದ್ಯಸಾರವೂ ಉಪ್ಪಿನ ಕೆಲಸವನ್ನೇ ಮಾಡುತ್ತದೆ.

ಬೆರಕೆಯ ಮತ್ತೊಂದು ಚೋದ್ಯ ಹಾಲಿನಂತಹ ಬಿಳುಪು. ಗ್ರೀಸ್ ದೇಶದ ಊಜೋ ಎಂಬ ಸೋಂಪಿನ ಪರಿಮಳದ ಮದ್ಯ ಸೀಸೆಯಲ್ಲಿ ತಿಳಿಯಾಗಿರುತ್ತದೆ. ನೀರು ಹಾಕಿದೊಡನೆ ಬೆಳ್ಳಗಾಗುತ್ತದೆ. ಇದೇ ಬಗೆಯ ನೋಟವನ್ನು ಡೆಟ್ಟಾಲನ್ನು ನೀರಿಗೆ ಹಾಕಿದ ಪ್ರತಿಯೊಬ್ಬರೂ ಕಂಡಿದ್ದಾರೆ. ಮೊದಲೇ ಹೇಳಿದಂತೆ ಸುಗಂಧ ತೈಲಗಳು ಮದ್ಯಸಾರದಲ್ಲಿ ಕರಗುತ್ತವೆ, ನೀರಿನಲ್ಲಿ ಕರಗವು. ನೀರು ಹೆಚ್ಚಾದಾಗ ತೈಲ ಕೋಟಿ ಕೋಟಿ ಸೂಕ್ಷ್ಮ ಹನಿಗಳಾಗಿ ಬೇರ್ಪಡುತ್ತದೆ. ಹನಿಗಳು ಬೆಳಕನ್ನು ಎಲ್ಲ ಕಡೆಗೂ ಚೆದುರಿಸುತ್ತವೆ. ಮೋಡ ಬೆಳ್ಳಗಿರುವುದೂ ಇದೇ ಕಾರಣದಿಂದ.

ನಾಲಿಗೆಯೋ, ಮೂಗೋ?

ರುಚಿ ನೋಡುವ ಪರಿಣತರು ಬಟ್ಟಲನ್ನು ತುಟಿಗಿಂತ ಮೊದಲು ಮೂಗಿಗೆ ಒಯ್ಯುತ್ತಾರೆ. ಇದು ಡಂಭಾಚಾರವಲ್ಲ. ಏಲಕ್ಕಿ ಬೆರೆಸಿದ ಬೆಲ್ಲದ ಪಾನಕವನ್ನು ಮೂಗನ್ನು ಬಿಗಿಯಾಗಿ ಮುಚ್ಚಿಕೊಂಡು ಒಂದು ಗುಟುಕು ಕುಡಿಯಿರಿ: ಸಿಹಿಯಲ್ಲದೆ ಬೇರೇನೂ ತಿಳಿಯದು. ಈಗ ಬೆರಳು ತೆಗೆಯಿರಿ: ಬೆಲ್ಲದ ಹದವೂ ಏಲಕ್ಕಿಯ ಕಂಪೂ ಒಮ್ಮೆಲೇ ನುಗ್ಗಿ ಬರುತ್ತವೆ. ನಾಲಿಗೆ ಸಿಹಿ, ಹುಳಿ, ಉಪ್ಪು, ಕಹಿ, ಮಾಂಸರಸದಂತಹ ಉಮಾಮಿ ಎಂಬ ಕೆಲವನ್ನು ಮಾತ್ರ ಬಲ್ಲದು; ಮಿಕ್ಕದ್ದೆಲ್ಲ ಗಂಟಲ ಹಿಂದಿನ ದಾರಿಯಿಂದ ಮೂಗಿಗೆ ಏರಿದ ಆವಿಯ ಕೆಲಸ.

ಕಟುವಾದ ಮದ್ಯ ಬಾಯಿಯನ್ನು ‘ಸುಡುತ್ತದೆ’ ಎನ್ನುವುದಕ್ಕೂ ಕಾರಣವಿದೆ. ನಮ್ಮ ಬಾಯಿಯಲ್ಲಿ ಸುಮಾರು ೪೨ ಡಿಗ್ರಿ ದಾಟಿದ ಬಿಸಿಯನ್ನು ನೋವೆಂದು ವರದಿ ಮಾಡುವ ನರತುದಿಗಳಿವೆ. ಮೆಣಸಿನಕಾಯಿಯ ಖಾರ ಕೆಣಕುವುದೂ ಇವನ್ನೇ. ಮದ್ಯಸಾರ ಸೋಂಕಿದಾಗ ಈ ಎಲ್ಲೆ ೩೪ ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ. ನಮ್ಮ ಮೈಯ ಉಷ್ಣತೆಯೇ ೩೭ ಡಿಗ್ರಿ. ಬಾಯಿ ತನ್ನದೇ ಬಿಸಿಯನ್ನು ಬೆಂಕಿಯೆಂದು ಭ್ರಮಿಸುತ್ತದೆ.

ವಿಸ್ಕಿಗೆ ಕೆಲವು ಹನಿ ನೀರು ಬೆರೆಸಿದರೆ ಪರಿಮಳ ಅರಳುವುದೆಂಬ ನಂಬಿಕೆ ಹಳೆಯದು. ೨೦೧೭ರಲ್ಲಿ ಸ್ವೀಡನ್ನಿನ ಲಿನ್ನೇಯಸ್ ವಿಶ್ವವಿದ್ಯಾನಿಲಯದ ಕಾರ್ಲ್‌ಸನ್ ಮತ್ತು ಫ್ರೀಡ್‌ಮನ್ ಗಣಕಯಂತ್ರದ ಸಹಾಯದಿಂದ ಇದನ್ನು ಪರಿಶೀಲಿಸಿದರು. ಹೊಗೆಯ ಕಂಪನ್ನು ಕೊಡುವ ಗ್ವಾಯಕಾಲ್ ಎಂಬ ಅಣು, ಮದ್ಯಸಾರ ಶೇಕಡಾ ೪೫ಕ್ಕಿಂತ ಕಡಿಮೆಯಿರುವಾಗ ದ್ರವದ ಮೇಲ್ಮೈಯ ಬಳಿ ಸೇರುತ್ತದೆ. ಮದ್ಯಸಾರ ಶೇಕಡಾ ೫೯ಕ್ಕಿಂತ ಹೆಚ್ಚಾದರೆ ಒಳಗೇ ಸುತ್ತುವರಿಯಲ್ಪಟ್ಟು ಅಡಗುತ್ತದೆ ಎಂದು ಅವರು ಕಂಡರು.

ಆದರೆ ರುಚಿಯ ವಿಷಯದಲ್ಲಿ ನಮ್ಮನ್ನು ನಾವೇ ವಂಚಿಸಿಕೊಳ್ಳುವುದು ಬಹು ಸುಲಭ. ಬೆಲೆ, ಹೆಸರು, ಸೀಸೆಯ ಅಂದ ಇವೆಲ್ಲ ನಾಲಿಗೆಯ ಮೇಲೆ ಕುಳಿತು ತೀರ್ಪು ಹೇಳುತ್ತವೆ. ಇದಕ್ಕೊಂದು ಮದ್ದುಂಟು, ಮನೆಯಲ್ಲಿಯೇ ಮಾಡಬಹುದು. ಎರಡು ಬಗೆಯ ಬೆಲ್ಲದಿಂದ ಒಂದೇ ಹದದ ಪಾನಕ ಮಾಡಿ. ನಿಮ್ಮ ತಂಗಿಯನ್ನೋ ಅಣ್ಣನನ್ನೋ ಕರೆದು, ನಿಮಗೆ ಕಾಣದಂತೆ ಮೂರು ಲೋಟ ತುಂಬಿಸಲು ಹೇಳಿ: ಎರಡರಲ್ಲಿ ಒಂದೇ ಪಾನಕ, ಒಂದರಲ್ಲಿ ಬೇರೆ. ಬೇರೆಯದನ್ನು ನೀವು ಗುರುತಿಸಬೇಕು. ಕುರುಡು ಊಹೆಯೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಹನ್ನೆರಡು ಸಲ ಮಾಡಿದರೆ ಸುಮಾರು ನಾಲ್ಕು ಸರಿ ಬಂದೀತು. ಎಂಟು ಅಥವಾ ಹೆಚ್ಚು ಸರಿ ಬರುವುದು ಬರಿಯ ಊಹೆಯಿಂದ ಐವತ್ತು ಬಾರಿಗೆ ಒಮ್ಮೆ ಆಗಬಹುದಷ್ಟೆ. ಆದ್ದರಿಂದ ಹನ್ನೆರಡಕ್ಕೆ ಎಂಟು ಸರಿ ಬಂದರೆ ನಿಮ್ಮ ನಾಲಿಗೆ ನಿಜವಾಗಿಯೂ ಭೇದವನ್ನು ಬಲ್ಲದೆಂದು ಹೇಳಬಹುದು. ಪರಿಣತರೆನಿಸಿಕೊಂಡವರೂ ಈ ಪರೀಕ್ಷೆಗೆ ಹೆದರುತ್ತಾರೆ.

ದ್ರವಮಾಪಕ ಹೇಳದ ಮಾತು

ಈಗ ಆ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಅವನು ಕೇಳಿದ ವಿಷದ ಹೆಸರು ಮೀಥೈಲ್ ಮದ್ಯಸಾರ, ಅಥವಾ ಮೆಥನಾಲ್. ಬಣ್ಣ, ವಾರ್ನಿಷ್ ಮೊದಲಾದ ಕೈಗಾರಿಕೆಗಳಲ್ಲಿ ಬಳಕೆಯಾಗುವ ದ್ರವ ಇದು. ೧೯೮೧ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಇದು ಬೆರೆತ ಮದ್ಯವನ್ನು ಕುಡಿದು ನೂರಾರು ಮಂದಿ ಸತ್ತರು. ಕರ್ನಾಟಕದಲ್ಲಿ ೨೦೦೭ರ ಜುಲೈ ೧ರಿಂದ ಸಾರಾಯಿ ಮಾರಾಟ ನಿಷಿದ್ಧವಾಯಿತು. ಮರುವರ್ಷ, ೨೦೦೮ರ ಮೇ ತಿಂಗಳಲ್ಲಿ, ಕರ್ನಾಟಕ ಮತ್ತು ತಮಿಳುನಾಡಿನ ಗಡಿ ಪ್ರದೇಶದಲ್ಲಿ ಕಳ್ಳಬಟ್ಟಿಯಿಂದ ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ೨೦೨೪ರ ಜೂನ್ ತಿಂಗಳಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ ಅರವತ್ತಕ್ಕೂ ಮಿಗಿಲು. ಸತ್ತವರಲ್ಲಿ ಬಹುಪಾಲು ಕೂಲಿಯವರು.

ದ್ರವಮಾಪಕ ಇದನ್ನು ಹಿಡಿಯಬಲ್ಲುದೆ? ಎಥೈಲ್ ಮದ್ಯಸಾರದ ಸಾಂದ್ರತೆ ೦.೭೮೯ ಎಂದೆವು; ಮೆಥನಾಲಿನದು ೦.೭೯೨. ನೀರಿನಲ್ಲಿ ಬೆರೆತ ಮೇಲೂ ಎರಡೂ ಹೆಚ್ಚುಕಡಿಮೆ ಒಂದೇ ಸಾಂದ್ರತೆಯನ್ನು ತೋರುತ್ತವೆ. ದ್ರವಮಾಪಕ ಎರಡರಲ್ಲಿಯೂ ಒಂದೇ ಗೆರೆಯವರೆಗೆ ಮುಳುಗಿ, “ಮದ್ಯಸಾರ ಇಷ್ಟಿದೆ” ಎಂದು ನಿರಾಳವಾಗಿ ಹೇಳುತ್ತದೆ. ಬಣ್ಣ ಒಂದೇ, ವಾಸನೆ ಹೆಚ್ಚುಕಡಿಮೆ ಒಂದೇ, ಅಮಲೂ ಉಂಟು. ಬೆಂಕಿ ಹಚ್ಚಿ ಜ್ವಾಲೆಯ ಬಣ್ಣ ನೋಡುವ ಪರೀಕ್ಷೆಯನ್ನು ಕೆಲವರು ಹೇಳುತ್ತಾರೆ. ಎರಡೂ ನೀಲಿಯಾಗಿಯೇ ಉರಿಯುತ್ತವೆ, ಬೆರಕೆಯಲ್ಲಿ ಭೇದ ಕಾಣದು.

ಮೆಥನಾಲ್ ೬೪.೭ ಡಿಗ್ರಿಯಲ್ಲಿ ಕುದಿಯುವುದರಿಂದ ಬಟ್ಟಿಯಲ್ಲಿ ಮೊದಲು ಇಳಿದ ಭಾಗವನ್ನು ಚೆಲ್ಲಿದರೆ ಸಾಕು, ಉಳಿದದ್ದು ನಿರಪಾಯ ಎಂಬ ಮಾತೂ ಕೇಳಿಬರುತ್ತದೆ. ಬಟ್ಟಿಯ ಪಾತ್ರೆಯ ವಿಷಯವನ್ನು ಓದಿದವರಿಗೆ ಇದರ ತಪ್ಪು ತಾನಾಗಿಯೇ ತೋರಬೇಕು. ಮಿಶ್ರಣದಲ್ಲಿ ದ್ರವಗಳು ತಮ್ಮ ತಮ್ಮ ಕುದಿಯುವ ಬಿಂದುವಿಗೆ ಕಾದು ಸರದಿಯಲ್ಲಿ ಏಳುವುದಿಲ್ಲ. ನೀರಿನ ಸಹವಾಸದಲ್ಲಿ ಮೆಥನಾಲ್ ಮೊದಲಿಂದ ಕೊನೆಯವರೆಗೂ ಬರುತ್ತಲೇ ಇರುತ್ತದೆ. ಮೇಲಾಗಿ, ಈ ದುರಂತಗಳಲ್ಲಿ ಮೆಥನಾಲ್ ಹುಟ್ಟುವುದು ಬಟ್ಟಿಯಲ್ಲಲ್ಲ. ಲಾಭದ ಆಸೆಗೆ ಯಾರೋ ಕೈಗಾರಿಕೆಯ ಪೀಪಾಯಿಯಿಂದ ತಂದು ಸುರಿಯುತ್ತಾರೆ. ಮನೆಯಲ್ಲಿ ಬಟ್ಟಿ ಇಳಿಸುವುದು 1965ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಪ್ರಯೋಗಶಾಲೆಯ ಇನ್ನೊಂದು ಉಪಕರಣ ಸ್ವಲ್ಪ ಹೆಚ್ಚು ಹೇಳಬಲ್ಲದು. ಬೆಳಕಿನ ವಕ್ರೀಭವನಾಂಕ ನೀರಿನಲ್ಲಿ ೧.೩೩೩, ಎಥೈಲ್ ಮದ್ಯಸಾರದಲ್ಲಿ ೧.೩೬೧, ಮೆಥನಾಲಿನಲ್ಲಿ ೧.೩೨೯. ಎಥೈಲ್ ಮದ್ಯಸಾರ ಬೆರೆತರೆ ನೀರಿನ ವಕ್ರೀಭವನಾಂಕ ಚೆನ್ನಾಗಿ ಏರುತ್ತದೆ. ಮೆಥನಾಲ್ ಬೆರೆತರೆ ಅಲ್ಪವಾಗಿ ಮಾತ್ರ. ದ್ರವಮಾಪಕವೂ ವಕ್ರೀಭವನಮಾಪಕವೂ ಬೇರೆ ಬೇರೆ ಉತ್ತರ ಹೇಳಿದರೆ ಸಂಶಯಪಡಬೇಕು. ಆದರೆ ಸ್ವಲ್ಪ ಸಕ್ಕರೆಯೋ ಬಣ್ಣವೋ ಸೇರಿದರೆ ಈ ಲೆಕ್ಕವೂ ಕೆಡುತ್ತದೆ. ಕೊನೆಯ ತೀರ್ಪು ಹೇಳಬಲ್ಲುದು ಆವಿಯಲ್ಲಿ ಘಟಕಗಳನ್ನು ಒಂದೊಂದಾಗಿ ಬೇರ್ಪಡಿಸುವ ವರ್ಣಲೇಖನ ಯಂತ್ರ. ಅದು ಇರುವುದು ಸುಸಜ್ಜಿತ ಪ್ರಯೋಗಾಲಯದಲ್ಲಿ, ಅಂಗಡಿಯ ಮುಂದಲ್ಲ.

ಮೆಥನಾಲ್ ತಾನೇ ಕೊಲ್ಲುವುದಕ್ಕಿಂತ, ನಮ್ಮ ಯಕೃತ್ತು ಅದನ್ನು ಫಾರ್ಮಿಕ್ ಆಮ್ಲವಾಗಿ ಮಾರ್ಪಡಿಸಿ ಕೊಲ್ಲುತ್ತದೆ. ಈ ಆಮ್ಲ ಜೀವಕೋಶಗಳು ಆಮ್ಲಜನಕವನ್ನು ಬಳಸದಂತೆ ತಡೆಯುತ್ತದೆ. ಮೊದಲು ಪೆಟ್ಟು ಬೀಳುವುದು ಕಣ್ಣಿನ ನರಕ್ಕೆ. ಹತ್ತು ಮಿಲಿಲೀಟರ್ ದೃಷ್ಟಿಯನ್ನು ಕಳೆಯಬಹುದು. ಮೂವತ್ತು ಮಿಲಿಲೀಟರ್ ಪ್ರಾಣವನ್ನು. ಆದರೆ ಮಾರ್ಪಾಟಿಗೆ ಸಮಯ ಹಿಡಿಯುವುದರಿಂದ ಅರ್ಧ ದಿನ, ಕೆಲವೊಮ್ಮೆ ಒಂದು ದಿನ, ಏನೂ ಆಗದಂತೆ ಕಾಣುತ್ತದೆ. ಈ ವಿಳಂಬವೇ ಮೋಸ. ಈ ವಿಳಂಬವೇ ಅವಕಾಶ ಕೂಡ. ಕುಡಿದ ಮರುದಿನ ಹೊಟ್ಟೆನೋವು, ವಾಂತಿ, ಏದುಸಿರು, ಕಣ್ಣೆದುರು ಮಂಜು ಕವಿದಂತಾಗುವುದು—ಇವುಗಳಲ್ಲಿ ಯಾವುದು ಕಂಡರೂ ಅಮಲು ಇಳಿಯಲೆಂದು ಮಲಗಿಸಕೂಡದು. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಜೊತೆಯಲ್ಲಿ ಕುಡಿದವರನ್ನೂ, ಅವರು ಚೆನ್ನಾಗಿದ್ದರೂ, ಕರೆದೊಯ್ಯಬೇಕು. ಯಕೃತ್ತಿನ ಈ ಕ್ರಿಯೆಯನ್ನು ತಡೆಯುವ ಮದ್ದುಗಳೂ ರಕ್ತವನ್ನು ಶೋಧಿಸುವ ಉಪಾಯಗಳೂ ವೈದ್ಯರಲ್ಲಿವೆ. ಹೊತ್ತು ಮೀರದಿದ್ದರೆ ಕಣ್ಣನ್ನೂ ಜೀವವನ್ನೂ ಉಳಿಸಬಹುದು.

ಮೆಥನಾಲ್ ಇಲ್ಲದ ಮದ್ಯವಾದರೂ ನಿರಪಾಯವೆಂದು ಯಾರೂ ಭಾವಿಸಬಾರದು. ಇಷ್ಟು ಕುಡಿದರೆ ಆರೋಗ್ಯಕ್ಕೆ ಹಾನಿಯಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೩ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ.

ಆ ದಿನ ನಾವು ವಿದ್ಯಾರ್ಥಿಗೆ ಹೇಳಿದ ಒಂದು ಮಾತಿನ ಉತ್ತರ “ಇಲ್ಲ” ಎಂಬುದು. ಅವನು ಸ್ವಲ್ಪ ಹೊತ್ತು ದ್ರವಮಾಪಕವನ್ನೇ ನೋಡುತ್ತ ನಿಂತಿದ್ದ. ಬಳಿಕ ಮರುದಿನದ ಲಕ್ಷಣಗಳನ್ನೂ ಆಸ್ಪತ್ರೆಗೆ ಒಯ್ಯಬೇಕಾದ ಅವಸರವನ್ನೂ ಹೇಳಿದೆವು. ಅವನು ಅವನ್ನು ಪ್ರಯೋಗದ ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಂಡು, ಮನೆಯಲ್ಲಿ ಚಿಕ್ಕಮ್ಮನಿಗೆ ಓದಿ ಹೇಳುವುದಾಗಿ ತಿಳಿಸಿ ಹೋದ. ವಾಚಕರೂ ತಮ್ಮ ತಮ್ಮ ಮನೆಗಳಲ್ಲಿ ಅಷ್ಟನ್ನು ಮಾಡಿದರೆ ಈ ಲೇಖನದ ಶ್ರಮ ಸಾರ್ಥಕ.